ಬ್ರಿಟನಿಯಲ್ಲಿ ಕೊಂಡ ಪಟ್ಟೆ ಅಂಗಿ

ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ರೆನ್ ನಗರದ ಲೀಸ್ ಚೌಕದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಸೇರುವ ಸಂತೆ ಆ ದೇಶದ ದೊಡ್ಡ ಸಂತೆಗಳಲ್ಲೊಂದು. ನಾನು ಇಲ್ಲಿ ವಿಮರ್ಶಿಸಲು ಹೊರಟಿರುವ ಅಂಗಿಯನ್ನು ಮೊದಲು ಸರಿಯಾಗಿ ನೋಡಿದ್ದು ಆ ಸಂತೆಯಲ್ಲಿ, ಸೇಬು ಮಾರುತ್ತಿದ್ದ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರ ಮೈಮೇಲೆ. ಬಿಳಿಯ ಮೇಲೆ ಕಡುನೀಲಿ ಅಡ್ಡಪಟ್ಟೆಗಳಿದ್ದ ಆ ದಪ್ಪ ಹತ್ತಿಯ ಅಂಗಿಯ ತೋಳು ಮಣಿಕಟ್ಟಿಗೆ ನಾಲ್ಕು ಬೆರಳು ಮೊದಲೇ ನಿಂತಿತ್ತು. ಅಂಗಿಯ ಕತ್ತು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬಹುತೇಕ ನೇರವಾಗಿ ಚಾಚಿತ್ತು. ಮೊಣಕೈಯ ಬಳಿ ಸವೆದ ಜಾಗಕ್ಕೆ ಬೇರೆ ಛಾಯೆಯ ನೀಲಿ ದಾರದಿಂದ ರಫೂ ಮಾಡಲಾಗಿತ್ತು. ಅವರು ಬಗ್ಗಿ ಪೆಟ್ಟಿಗೆ ಎತ್ತಿದರು, ಹಣ್ಣು ತೂಗಿದರು, ಚಿಲ್ಲರೆ ಎಣಿಸಿ ಕೊಟ್ಟರು. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ತೋಳನ್ನು ಮೇಲೆ ಸರಿಸಿಕೊಳ್ಳಲಿಲ್ಲ, ಅಂಗಿಯನ್ನು ಎಳೆದು ಸರಿಮಾಡಿಕೊಳ್ಳಲಿಲ್ಲ. ಅದಕ್ಕೂ ಮೊದಲು ಹತ್ತು ದಿನ ಪ್ಯಾರಿಸ್ಸಿನ ಅಂಗಡಿಗಳ ಗಾಜಿನಾಚೆ ಇಂಥವೇ ಅಂಗಿಗಳನ್ನು ಕಂಡಿದ್ದರೂ ನನಗೆ ಕೊಳ್ಳಬೇಕೆನಿಸಿರಲಿಲ್ಲ. ದುಡಿಯುವ ಮೈಮೇಲೆ ಕಂಡಾಗ ಬೇಕೆನಿಸಿತು.

ಫ್ರೆಂಚರು ಇದನ್ನು ಮಾರಿನಿಯೇರ್ ಎನ್ನುತ್ತಾರೆ. ರೆನ್‌ನಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪುವ ಸೇಂಟ್ ಮಾಲೊದಲ್ಲಿ, ಹಳೆಯ ಕೋಟೆಗೋಡೆಯ ಒಳಗಿನ ಓಣಿಯೊಂದರ ಚಿಕ್ಕ ಅಂಗಡಿಯಲ್ಲಿ ನಾನು 69 ಯೂರೊ ಕೊಟ್ಟು ಒಂದನ್ನು ಕೊಂಡೆ. ಅಂಗಡಿಯ ಒಡತಿಗೆ ‘ಬೊಂಜೂರ್’ (ನಮಸ್ಕಾರ) ಎಂದು ಹೇಳಿಯೇ ಒಳಗೆ ಹೋಗಬೇಕೆಂಬುದು ಅಷ್ಟರಲ್ಲಿ ನನಗೆ ತಿಳಿದಿತ್ತು. ಈ ದೇಶದಲ್ಲಿ ಅದು ಬರಿಯ ಉಪಚಾರವಲ್ಲ. ಅದನ್ನು ಹೇಳದೆ ಬಟ್ಟೆಗೆ ಕೈಹಾಕಿದರೆ ಎದುರಿನವರ ಮುಖ ಬಿಗಿಯುವುದನ್ನು ಪ್ಯಾರಿಸ್ಸಿನಲ್ಲಿ ಕಂಡಿದ್ದೆ. ನಾನು ಸಡಿಲವಾಗಿರಲಿ ಎಂದು 42ರ ಅಳತೆಯದನ್ನು ಎತ್ತಿಕೊಂಡಾಗ ಆಕೆ ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು 40ರದನ್ನು ಕೊಟ್ಟರು. “ಇದು ಹೆಗಲಿಗೆ ಕೂರಬೇಕು ಮೇಡಂ. ಹೆಗಲಿಗೆ ಕೂತರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ” ಎಂದರು. ತೊಟ್ಟು ನೋಡಿದಾಗ ಅವರ ಮಾತು ನಿಜವಾಗಿತ್ತು: ಹೆಗಲಿನ ಹೊಲಿಗೆ ಮೂಳೆಯ ಮೇಲೆ ಸರಿಯಾಗಿ ಕೂತಿತು, ಕೆಳಗೆ ಬಟ್ಟೆ ಮೈಗೆ ಅಂಟದೆ ನೆಟ್ಟಗೆ ಇಳಿಯಿತು.

ಈ ಅಳತೆಗಳಿಗೆ ಚರಿತ್ರೆಯಿದೆ. 1858ರ ಮಾರ್ಚ್ 27ರ ಆದೇಶವೊಂದು ಫ್ರೆಂಚ್ ನೌಕಾಪಡೆಯ ನಾವಿಕರ ಸಮವಸ್ತ್ರಕ್ಕೆ ಈ ಅಂಗಿಯನ್ನು ಸೇರಿಸಿತು. ಮೈಭಾಗದಲ್ಲಿ 21 ಬಿಳಿ ಪಟ್ಟೆಗಳಿರಬೇಕು, ಪ್ರತಿಯೊಂದೂ ನೀಲಿ ಪಟ್ಟೆಯ ಎರಡರಷ್ಟು ಅಗಲವಿರಬೇಕು, ಎಂದರೆ ಬಿಳಿ 20 ಮಿಲಿಮೀಟರ್, ನೀಲಿ 10 ಮಿಲಿಮೀಟರ್ ಎಂಬುದು ಅಂದಿನ ನಿಯಮ. ತೋಳು ಗಿಡ್ಡವಾದದ್ದು ಮೇಲಂಗಿಯ ತೋಳಿನಿಂದ ಹೊರಗೆ ಇಣುಕದಿರಲೆಂದು. 21 ಪಟ್ಟೆಗಳು ನೆಪೋಲಿಯನ್ನನ 21 ಗೆಲುವುಗಳ ಗುರುತೆಂದು ಹೇಳುವವರಿದ್ದಾರೆ. ಅದು ಕೇಳಲು ಚೆನ್ನಾದ ದಂತಕಥೆ ಮಾತ್ರ. ನಾವಿಕರಿಂದ ಮೀನುಗಾರರಿಗೆ, ಅವರಿಂದ ಕಡಲತೀರದ ವಿಹಾರಿಗಳಿಗೆ, ವಸ್ತ್ರವಿನ್ಯಾಸಕಿ ಕೊಕೊ ಶನೆಲ್‌ಗೆ, 1952ರಲ್ಲಿ ರಾಬೆರ್ ದುವನೊ ತೆಗೆದ ಛಾಯಾಚಿತ್ರದಲ್ಲಿರುವ ಪಿಕಾಸೊಗೆ, ಆಮೇಲೆ ಜಾನ್ ಪಾಲ್ ಗೋತಿಯೇಯ ಫ್ಯಾಷನ್ ಪ್ರದರ್ಶನಗಳಿಗೆ ಈ ಅಂಗಿ ದಾಟಿಕೊಂಡಿತು. ಇಂದು ಇದನ್ನು ಹೆಣೆಯುವ ಹೆಸರಾಂತ ಸಂಸ್ಥೆಗಳಲ್ಲಿ ನಾರ್ಮಂಡಿಯ ಸೇಂಟ್ ಜೇಮ್ಸ್ 1889ರಿಂದಲೂ ಬ್ರಿಟನಿಯ ಕೆಂಪೇರ್ ಊರಿನ ಅರ್ಮೋರ್ ಲುಕ್ಸ್ 1938ರಿಂದಲೂ ಇವೆ. ಇಷ್ಟು ಕೈ ದಾಟಿದ ಮೇಲೂ ತೋಳಿನ ಉದ್ದ ಬದಲಾಗಿಲ್ಲವೆಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಈ ಅಂಗಿಯ ಸೊಬಗು ನಿಂತಿರುವುದೇ ಆ ನಾಲ್ಕು ಬೆರಳಿನ ಕೊರತೆಯ ಮೇಲೆ. ಮಣಿಕಟ್ಟು ತೆರೆದಿರುವುದರಿಂದ ಕೈ ಹಗುರವಾಗಿ, ಚುರುಕಾಗಿ ಕಾಣುತ್ತದೆ. ಒಂದು ತೆಳು ಬಳೆ ಅಥವಾ ಗಡಿಯಾರ ಹಾಕಿದರೆ ಬೇರೆ ಅಲಂಕಾರ ಬೇಕಾಗುವುದಿಲ್ಲ.

ಬಟ್ಟೆಯ ಗುಣಮಟ್ಟವನ್ನು ಗುರುತಿಸುವ ಬಗೆಯನ್ನು ಅಂಗಡಿಯಾಕೆಯೇ ತೋರಿಸಿಕೊಟ್ಟರು. ಅಂಗಿಯನ್ನು ಒಳಹೊರಗು ಮಾಡಿ ನೋಡಬೇಕು. ಬಣ್ಣ ಹಾಕಿದ ನೂಲಿನಿಂದಲೇ ಹೆಣೆದ ಪಟ್ಟೆಯಾದರೆ ಒಳಗೂ ಹೊರಗೂ ಒಂದೇ ಗಾಢತೆ ಇರುತ್ತದೆ. ಬಿಳಿ ಬಟ್ಟೆಯ ಮೇಲೆ ಅಚ್ಚೊತ್ತಿದ್ದಾದರೆ ಒಳಭಾಗ ಪೇಲವವಾಗಿರುತ್ತದೆ. ಎರಡನೆಯದಾಗಿ ಪಕ್ಕದ ಹೊಲಿಗೆಯಲ್ಲಿ ಮುಂದಿನ ಪಟ್ಟೆ ಹಿಂದಿನ ಪಟ್ಟೆಯನ್ನು ಸರಿಯಾಗಿ ಸಂಧಿಸುತ್ತದೆಯೇ ಎಂದು ನೋಡಬೇಕು. ಹೊಂದದಿದ್ದರೆ ಕತ್ತರಿಸುವಾಗ ಅವಸರ ಮಾಡಿದ್ದಾರೆಂದೇ ಅರ್ಥ. ಪ್ಯಾರಿಸ್ಸಿನ ಪ್ರವಾಸಿ ತಾಣಗಳಲ್ಲಿ 15 ಯೂರೊಗೆ ಸಿಗುವ ಅಂಗಿಗಳು ಮೊದಲ ಪರೀಕ್ಷೆಯಲ್ಲಿಯೇ ಸೋಲುವುದನ್ನು ಹಿಂದಿರುಗುವಾಗ ನಾನೇ ಪರಿಶೀಲಿಸಿ ಕಂಡೆ.

ತೊಡುವ ವಿಷಯದಲ್ಲಿ ಮಾತ್ರ ನಾನು ಆರಂಭದಲ್ಲಿ ಎಡವಿದೆ. ಕೊಂಡ ಮರುದಿನ ಅದರ ಜೊತೆಗೆ ಕೆಂಪು ಸ್ಕಾರ್ಫ್ ಮತ್ತು ಬೆರೆ ಟೋಪಿ ಹಾಕಿಕೊಂಡು ಕೋಟೆಗೋಡೆಯ ಮೇಲೆ ನಡೆದಾಗ, ನನ್ನ ಸುತ್ತ ಆ ಮೂರನ್ನೂ ಒಟ್ಟಿಗೆ ಧರಿಸಿದ ಒಬ್ಬ ಸ್ಥಳೀಯರೂ ಇಲ್ಲವೆಂಬುದು ಅರಿವಿಗೆ ಬಂತು. ಅಲ್ಲಿನವರು ಪಟ್ಟೆಯನ್ನು ಒಂಟಿಯಾಗಿ ಬಿಡುತ್ತಾರೆ: ಕೆಳಗೆ ಕಡುನೀಲಿ ಅಥವಾ ಬಿಳಿ ಪ್ಯಾಂಟು, ಕಾಲಿಗೆ ಸವೆದ ಕ್ಯಾನ್ವಾಸ್ ಬೂಟು, ಗಾಳಿಯಿದ್ದರೆ ಮೇಲೊಂದು ಸಾದಾ ಬಣ್ಣದ ಉದ್ದ ಕೋಟು. ನಾವು ಉಳಿದಿದ್ದ ಮನೆಯ ಒಡತಿ ಒಂಬತ್ತು ದಿನಗಳಲ್ಲಿ ಮೂರೇ ಜೊತೆ ಬಟ್ಟೆಗಳನ್ನು ತಿರುಗಿಸಿ ಮುರುಗಿಸಿ ತೊಟ್ಟರು. ಪ್ರತಿಯೊಂದೂ ಅವರ ಅಳತೆಗೆ ತಕ್ಕುದಾಗಿತ್ತು, ಪ್ರತಿಯೊಂದಕ್ಕೂ ಇಸ್ತ್ರಿ ಆಗಿತ್ತು, ಇವತ್ತೂ ಅದನ್ನೇ ತೊಟ್ಟಿದ್ದೇನಲ್ಲ ಎಂಬ ಸಂಕೋಚದ ಸುಳಿವೂ ಅವರಲ್ಲಿರಲಿಲ್ಲ. ಪ್ರತಿ ದಿನದ ಛಾಯಾಚಿತ್ರಕ್ಕೆ ಬೇರೆ ಬಟ್ಟೆ ಇರಬೇಕೆಂದು ಪೆಟ್ಟಿಗೆ ತುಂಬಿಕೊಂಡು ಹೋಗಿದ್ದ ನನಗೆ ಆ ನೆಮ್ಮದಿ ಹೊಸದು. ನಾನು ಮತ್ತು ಅಕ್ಕ ಪ್ರವಾಸದ ಉಳಿದ ಹನ್ನೊಂದು ದಿನಗಳಿಗೆ ಒಪ್ಪಂದ ಮಾಡಿಕೊಂಡು ತಲಾ ನಾಲ್ಕು ಬಟ್ಟೆಗಳನ್ನು ಮಾತ್ರ ಹೊರಗಿಟ್ಟೆವು. ಅದರಲ್ಲಿ ಈ ಅಂಗಿಯನ್ನು ನಾನು ಆರು ದಿನ ತೊಟ್ಟೆ. ಕಡಲತೀರಕ್ಕೂ ವಸ್ತುಸಂಗ್ರಹಾಲಯಕ್ಕೂ ಸಂಜೆಯ ಊಟಕ್ಕೂ ಒಂದೇ ಅಂಗಿ ಸಾಲುತ್ತದೆಂದು ಮೊದಲು ನಂಬಿರಲಿಲ್ಲ. ಸಂಜೆ ಕೂದಲನ್ನು ಮೇಲಕ್ಕೆ ಕಟ್ಟಿ ಅಂಗಿಯ ಮುಂಭಾಗವನ್ನು ಪ್ಯಾಂಟಿನೊಳಗೆ ಸೇರಿಸಿದರೆ ಸಾಲುತ್ತದೆ.

ದೋಷಗಳನ್ನೂ ಹೇಳಬೇಕು. ಮೊದಲ ಮೂರು ಒಗೆತಗಳಲ್ಲಿ ನನ್ನ ಅಂಗಿ ಉದ್ದದಲ್ಲಿ ಎರಡು ಬೆರಳಿನಷ್ಟು ಕುಗ್ಗಿತು. 30 ಡಿಗ್ರಿ ನೀರಿನಲ್ಲಿ ಒಳಹೊರಗು ಮಾಡಿಯೇ ಒಗೆದಿದ್ದರೂ ಇದು ತಪ್ಪಲಿಲ್ಲ. ಆ ಮೇಲೆ ಅಳತೆ ನಿಂತಿದೆ. ಆದರೆ ಉದ್ದ ಮೈಯವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕೊಳ್ಳಬೇಕು, ಏಕೆಂದರೆ ದೊಡ್ಡ ಅಳತೆಗೆ ಹೋದರೆ ಹೆಗಲು ಜಾರುತ್ತದೆ, ಸರಿಯಾದ ಅಳತೆಗೆ ನಿಂತರೆ ಉದ್ದ ಸಾಲದೆ ಹೋಗುತ್ತದೆ. ಈ ಇಕ್ಕಟ್ಟನ್ನು ಅಂಗಡಿಯಾಕೆ ಮೊದಲೇ ತಿಳಿಸಬಹುದಿತ್ತು. ಅಗಲವಾದ ಕತ್ತಿನಿಂದ ಒಳ ಉಡುಪಿನ ಪಟ್ಟಿ ಆಗಾಗ ಹೊರಗೆ ಕಾಣುತ್ತದೆ. ದಪ್ಪ ಹೆಣಿಗೆಯಾದ್ದರಿಂದ ರಾತ್ರಿ ಒಗೆದು ಬೆಳಿಗ್ಗೆ ತೊಡುವುದು ಆಗದ ಮಾತು. ತೂಗುಹಾಕಿದರೆ ನೀರಿನ ಭಾರಕ್ಕೆ ಹೆಗಲು ಜೋತುಬೀಳುವುದರಿಂದ ಹರಡಿಯೇ ಒಣಗಿಸಬೇಕು, ಅದಕ್ಕೆ ಒಂದೂವರೆ ದಿನ ಹಿಡಿಯುತ್ತದೆ. ಪ್ಯಾರಿಸ್ಸಿನ ಮಧ್ಯಾಹ್ನದ ಬಿಸಿಲಿನಲ್ಲಿ ಬೆನ್ನು ಬೆವರಿತು. ಬೆಲೆಯ ಬಗ್ಗೆ ಒಂದು ಮಾತು: ಅದರಲ್ಲಿ ಶೇಕಡಾ 20ರ ತೆರಿಗೆ ಸೇರಿರುತ್ತದೆ, ಯುರೋಪಿಯನ್ ಒಕ್ಕೂಟದ ಹೊರಗೆ ನೆಲೆಸಿದವರು ಒಂದೇ ಅಂಗಡಿಯಲ್ಲಿ 100 ಯೂರೊ ಮೀರಿ ಕೊಂಡರೆ ಅದರ ಒಂದು ಭಾಗವನ್ನು ಹಿಂದಕ್ಕೆ ಪಡೆಯಬಹುದು. ಒಂದೇ ಅಂಗಿ ಕೊಂಡ ನನಗೆ ಅದು ಒದಗಲಿಲ್ಲ.

ಬಿಸಿಲು ನಾಡಿಗೆ ಹೊರಟವರಿಗೆ, ಒಂದೇ ಚೀಲದಲ್ಲಿ ವೇಗವಾಗಿ ಊರೂರು ತಿರುಗುವವರಿಗೆ ನಾನು ಈ ದಪ್ಪ ಅಂಗಿಯನ್ನು ಹೇಳುವುದಿಲ್ಲ. ಅದೇ ಅಳತೆಯ ತೆಳು ಹೆಣಿಗೆಯದೂ ಅಲ್ಲಿ ಸಿಗುತ್ತದೆ, ಆದರೆ ಅದು ಮೈಮೇಲೆ ಹೀಗೆ ನೆಟ್ಟಗೆ ಇಳಿಯುವುದಿಲ್ಲ. ಬ್ರಿಟನಿಯ ಗಾಳಿಗೆ, ನಾರ್ಮಂಡಿಯ ತುಂತುರು ಮಳೆಗೆ, ಒಂದೂರಿನಲ್ಲಿ ನಾಲ್ಕು ದಿನ ನಿಲ್ಲುವ ನಿಧಾನದ ಪ್ರವಾಸಕ್ಕೆ 69 ಯೂರೊ ಸಾರ್ಥಕ. ಎರಡು ವರ್ಷವಾದರೂ ನೀಲಿ ಮಾಸಿಲ್ಲ, ಹೊಲಿಗೆ ಬಿಟ್ಟಿಲ್ಲ. ಬಲ ಮೊಣಕೈಯ ಹತ್ತಿರ ಬಟ್ಟೆ ಈಗೀಗ ತೆಳುವಾಗುತ್ತಿದ್ದು, ಅದಕ್ಕೆ ಹೊಂದುವ ನೀಲಿ ದಾರವನ್ನು ತಂದಿಟ್ಟುಕೊಂಡಿದ್ದೇನೆ.