ಬ್ರಿಟನ್ನಿನ ಸೆಸ್ಟ್ ಟೂಲ್: ಪ್ರಶ್ನೆಗಳು ಬಹಳ ಚೆನ್ನಾಗಿವೆ, ಉತ್ತರವನ್ನು ಸ್ವಲ್ಪ ನೋಡಿಕೊಂಡು ನಂಬಿ

ಜಯನಗರದ ಒಂದು ಸಣ್ಣ ಆಫೀಸಿನಲ್ಲಿ ಕೂತು ಬ್ರಿಟನ್ನಿನ ಅಕೌಂಟೆಂಟ್‌ಗಳಿಗೆ ಲೆಕ್ಕಪತ್ರ ಮಾಡಿಕೊಡುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಈ ಕೆಲಸದಲ್ಲಿ ಇರುವವರು ತುಂಬಾ ಜನ. ಅಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯ ಸೆಸ್ಟ್ (CEST) ಅನ್ನುವ ಆನ್‌ಲೈನ್ ಟೂಲ್ ನಮ್ಮ ಕೈಗೆ ಆಗಾಗ ಬರುತ್ತದೆ. ತೆರಿಗೆ ಲೆಕ್ಕದಲ್ಲಿ ಒಬ್ಬರು ನೌಕರರಾ, ಸ್ವತಂತ್ರವಾಗಿ ದುಡಿಯುವವರಾ ಎಂದು ಪ್ರಶ್ನೆ ಕೇಳಿ ಹೇಳುವ ಟೂಲ್ ಅದು. ಅದನ್ನು ಬಳಸಿದ ಅನುಭವ ಇಲ್ಲಿ ಬರೆದಿದ್ದೇನೆ. ಹೊಸದಾಗಿ ಸೇರಿದವರಿಗೂ ಉಪಯೋಗ ಆಗಲಿ.

ವಿಷಯ ಇಷ್ಟು. ಒಬ್ಬ ಐಟಿ ಕಾಂಟ್ರಾಕ್ಟರ್ ಲಂಡನ್ನಿನಲ್ಲಿ ಸ್ವಂತ ಲಿಮಿಟೆಡ್ ಕಂಪನಿ ಮಾಡಿಕೊಂಡು, ಅದರ ಹೆಸರಲ್ಲಿ ಒಂದು ಬ್ಯಾಂಕಿಗೆ ಕೆಲಸ ಮಾಡುತ್ತಾರೆ ಅಂದುಕೊಳ್ಳಿ. ನಡುವೆ ಆ ಕಂಪನಿ ಇಲ್ಲದಿದ್ದರೆ ಅವರು ಬ್ಯಾಂಕಿನ ನೌಕರರೇ ಆಗುತ್ತಿದ್ದರಾ? ಹೌದು ಎಂದಾದರೆ ನೌಕರರ ಹಾಗೆಯೇ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ (ಅಲ್ಲಿನ ಸಾಮಾಜಿಕ ಭದ್ರತೆಯ ವಂತಿಗೆ) ಎರಡೂ ಕಟ್ಟಬೇಕು. ಐಆರ್35 ಅನ್ನುವ ಈ ನಿಯಮ 2000ನೇ ಇಸವಿಯ ಏಪ್ರಿಲ್‌ನಿಂದ ಇದೆ. ಮೊದಲು ಇದನ್ನು ಕಾಂಟ್ರಾಕ್ಟರ್ ಕಡೆಯವರೇ ತೀರ್ಮಾನಿಸುತ್ತಿದ್ದರು. 2017ರಲ್ಲಿ ಸರ್ಕಾರಿ ಸಂಸ್ಥೆಗಳಿಗೆ, 2021ರ ಏಪ್ರಿಲ್ 6ರಿಂದ ಮಧ್ಯಮ ಮತ್ತು ದೊಡ್ಡ ಖಾಸಗಿ ಕಂಪನಿಗಳಿಗೆ ಆ ಜವಾಬ್ದಾರಿ ಹೋಯಿತು, ಅಂದರೆ ಈಗ ಕೆಲಸ ಕೊಡುವ ಕ್ಲೈಂಟೇ ಹೇಳಬೇಕು. ಸಣ್ಣ ಕಂಪನಿಗೆ ಕೆಲಸ ಮಾಡುವವರು ಮಾತ್ರ ಇನ್ನೂ ತಾವೇ ನೋಡಿಕೊಳ್ಳಬೇಕು.

ಈ ತೀರ್ಮಾನಕ್ಕೆ ನೆರವಾಗಲಿ ಎಂದು 2017ರಲ್ಲಿ ಬಂದದ್ದು ಸೆಸ್ಟ್. 2019ರ ನವೆಂಬರ್‌ನಲ್ಲಿ ಅದನ್ನು ಸಾಕಷ್ಟು ಬದಲಾಯಿಸಿದರು, 2025ರಲ್ಲೂ ಪ್ರಶ್ನೆಗಳನ್ನು ತಿದ್ದಿದರು. ದುಡ್ಡಿಲ್ಲ, ಲಾಗಿನ್ ಇಲ್ಲ, ನಿಮ್ಮ ಉತ್ತರಗಳನ್ನು ಅವರು ಇಟ್ಟುಕೊಳ್ಳುವುದೂ ಇಲ್ಲ. ಕೊನೆಯಲ್ಲಿ ಬರುವ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳುವುದು ನಮ್ಮ ಹೊಣೆ. ಪ್ರಶ್ನೆಗಳ ಭಾಷೆ ಸರಳ. ಕಾನೂನು ಓದದವರಿಗೂ ಅರ್ಥವಾಗುತ್ತದೆ. ಉತ್ತರಗಳು ನಿಜವಾಗಿದ್ದು, ಅವರ ಸೂಚನೆಯಂತೆ ಬಳಸಿದ್ದರೆ, ಬಂದ ಫಲಿತಾಂಶಕ್ಕೆ ತಾವು ಬದ್ಧ ಎಂದು ಇಲಾಖೆಯೇ ಹೇಳುತ್ತದೆ. ಒಂದು ತೆರಿಗೆ ಇಲಾಖೆ ಹಾಗೆ ಮಾತು ಕೊಡುವುದು ಸಣ್ಣ ವಿಷಯ ಅಲ್ಲ. ನನಗೆ ಈ ಟೂಲ್ ಇಷ್ಟವಾಗುವುದಕ್ಕೆ ಮೊದಲ ಕಾರಣ ಅದೇ.

ಇನ್ನು ಪ್ರಶ್ನೆಗಳು. ನಿಜವಾದ ಬೆಲೆ ಇರುವುದು ಇವಕ್ಕೆ. ನಿಮ್ಮ ಬದಲಿಗೆ ಬೇರೆಯವರನ್ನು ಕಳಿಸಬಹುದಾ? ಕಳಿಸಿದರೆ ಕ್ಲೈಂಟ್ ಬೇಡ ಅನ್ನಬಹುದಾ? ಬಂದವರಿಗೆ ದುಡ್ಡು ಕೊಡುವವರು ಯಾರು? ಒಂದು ಕೆಲಸದಿಂದ ಎಬ್ಬಿಸಿ ಇನ್ನೊಂದಕ್ಕೆ ಹಾಕುವ ಹಕ್ಕು ಕ್ಲೈಂಟಿಗೆ ಇದೆಯಾ? ಹೇಗೆ ಮಾಡಬೇಕು, ಎಷ್ಟು ಹೊತ್ತಿಗೆ, ಎಲ್ಲಿ ಕೂತು ಮಾಡಬೇಕು ಎಂದು ಹೇಳುವವರು ಯಾರು? ಕೆಲಸ ಕೆಟ್ಟರೆ ಸ್ವಂತ ಖರ್ಚಿನಲ್ಲಿ, ಸ್ವಂತ ಸಮಯದಲ್ಲಿ ಸರಿ ಮಾಡಿಕೊಡಬೇಕಾ? ಬೇರೆ ಕ್ಲೈಂಟ್‌ಗಳಿಗೂ ಇಂಥದ್ದೇ ಕೆಲಸ ಮಾಡಬಹುದಾ? ಇಷ್ಟಕ್ಕೂ ಪ್ರಾಮಾಣಿಕವಾಗಿ ಉತ್ತರ ಬರೆದರೆ, ಫಲಿತಾಂಶ ಬರುವ ಮೊದಲೇ ಆ ಸಂಬಂಧ ಏನು ಅಂತ ಗೊತ್ತಾಗಿಬಿಡುತ್ತದೆ.

ತೊಂದರೆ ಜಾಸ್ತಿ ಆಗುವುದು ಬದಲಿ ವ್ಯಕ್ತಿಯ ಪ್ರಶ್ನೆಯಲ್ಲಿ. ಕಾಂಟ್ರಾಕ್ಟ್ ಪತ್ರದಲ್ಲಿ 'ಬದಲಿಯವರನ್ನು ಕಳಿಸಬಹುದು' ಎಂದು ಒಂದು ಸಾಲು ಇರುತ್ತದೆ. ವಕೀಲರು ಹಾಕಿದ ಸಾಲು. ಆಮೇಲೆ ಆಫೀಸಿನಲ್ಲಿ ಮ್ಯಾನೇಜರನ್ನು ಕೇಳಿದರೆ 'ಬೇರೆಯವರು ಬಂದರೆ ಒಳಗೆ ಬಿಡಲ್ಲ, ನಮಗೆ ಇವರೇ ಬೇಕು' ಅನ್ನುತ್ತಾರೆ. ಪತ್ರ ನೋಡಿ ಉತ್ತರ ಕೊಟ್ಟರೆ ಟೂಲ್ ಸ್ವಂತ ಉದ್ಯೋಗ ಅನ್ನಬಹುದು, ಮ್ಯಾನೇಜರನ್ನು ಕೇಳಿ ಕೊಟ್ಟರೆ ನೌಕರ ಅನ್ನಬಹುದು. ನಾಳೆ ಇಲಾಖೆಯವರು ಬಂದಾಗ ನೋಡುವುದು ನಿಜವಾಗಿ ನಡೆಯುತ್ತಿರುವುದನ್ನು. ಹಾಗಾಗಿ ಎಚ್‌ಆರ್‌ನವರೊಬ್ಬರೇ ಕೂತು ಇದನ್ನು ತುಂಬಬಾರದು. ದಿನಾ ಕೆಲಸ ಹಂಚುವವರು ಪಕ್ಕದಲ್ಲಿರಬೇಕು, ಸಾಧ್ಯವಾದರೆ ಕಾಂಟ್ರಾಕ್ಟರೂ ಇರಬೇಕು.

ಈಗ ಕೊರತೆ. ಅಲ್ಲಿನ ಕೋರ್ಟ್‌ಗಳು ಈ ವಿಷಯದಲ್ಲಿ 1968ರ ರೆಡಿ ಮಿಕ್ಸ್ಡ್ ಕಾಂಕ್ರೀಟ್ ಪ್ರಕರಣದಿಂದ ಶುರು ಮಾಡುತ್ತವೆ. ಕೆಲಸ ಕೊಡಲೇಬೇಕು, ಮಾಡಲೇಬೇಕು ಎಂಬ ಪರಸ್ಪರ ಬಾಧ್ಯತೆ ಇದೆಯಾ ಅನ್ನುವುದು ಅಲ್ಲಿ ದೊಡ್ಡ ಪ್ರಶ್ನೆ. ಸೆಸ್ಟ್ ಅದನ್ನು ನೇರವಾಗಿ ತೂಗುವುದಿಲ್ಲ, ಕಾಂಟ್ರಾಕ್ಟ್ ಇದ್ದರೆ ಅದು ಇದ್ದೇ ಇದೆ ಅಂದುಕೊಂಡು ಮುಂದೆ ಹೋಗುತ್ತದೆ. ವರ್ಷಗಟ್ಟಲೆ ಇದರ ಬಗ್ಗೆ ಜಗಳ ನಡೆದಿದೆ. 2024ರ ಸೆಪ್ಟೆಂಬರ್‌ನಲ್ಲಿ ಫುಟ್‌ಬಾಲ್ ರೆಫರಿಗಳ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಒಂದೊಂದು ಪಂದ್ಯದ ಒಪ್ಪಂದದಲ್ಲೂ ಅಂಥ ಬಾಧ್ಯತೆ ಇದೆ ಎಂದಿತು. ಆದರೆ ರೆಫರಿಗಳು ನೌಕರರೇ ಎಂದು ಅಲ್ಲೇ ತೀರ್ಮಾನಿಸಲಿಲ್ಲ, ಎಲ್ಲ ಅಂಶಗಳನ್ನೂ ಸೇರಿಸಿ ನೋಡಿ ಎಂದು ಕೆಳಗಿನ ಟ್ರಿಬ್ಯೂನಲ್‌ಗೆ ವಾಪಸ್ ಕಳಿಸಿತು. ಎಲ್ಲವನ್ನೂ ಸೇರಿಸಿ ನೋಡುವ ಕೆಲಸ ಟಿಕ್ ಮಾರ್ಕ್‌ಗಳಿಂದ ಪೂರ್ತಿ ಆಗುವುದಿಲ್ಲ.

ಟೂಲ್ ಬಳಸಿದರೆ ಸಾಕು, ನಿಶ್ಚಿಂತೆ ಅಂದುಕೊಳ್ಳುವವರು ಒಂದು ವಿಷಯ ತಿಳಿದಿರಲಿ. ಬ್ರಿಟನ್ ಸರ್ಕಾರದ್ದೇ ಕೆಲಸ ಮತ್ತು ಪಿಂಚಣಿ ಇಲಾಖೆ ಇದನ್ನು ಬಳಸಿಯೂ ಕೊನೆಗೆ ಸುಮಾರು 8.8 ಕೋಟಿ ಪೌಂಡ್ ತೆರಿಗೆ ಕಟ್ಟಬೇಕಾಯಿತು. ಅಷ್ಟು ದೊಡ್ಡ ಇಲಾಖೆಗೇ ಹೀಗಾದರೆ ಸಾಮಾನ್ಯ ಕಂಪನಿಗಳ ಪಾಡೇನು?

'ನಿರ್ಧರಿಸಲು ಆಗಲಿಲ್ಲ' ಅನ್ನುವ ಉತ್ತರವೂ ಬರುತ್ತದೆ. ಎರಡೂ ಕಡೆ ವಾಲುವ ಪ್ರಕರಣದಲ್ಲಿ ಗೊತ್ತಿಲ್ಲ ಅನ್ನುವುದು ಸರಿಯೇ, ನನಗೆ ಅದರ ಮೇಲೆ ಬೇಸರ ಇಲ್ಲ. ಬೇಸರ ಆಗುವುದು ಆಮೇಲೆ. ಕ್ಲೈಂಟ್‌ಗಳು ತಲೆನೋವೇ ಬೇಡ ಎಂದು ಎಲ್ಲರನ್ನೂ ನೌಕರರ ಲೆಕ್ಕಕ್ಕೆ ಹಾಕಿಬಿಡುತ್ತಾರೆ, ಆಗ ನಿಜವಾಗಿ ಸ್ವತಂತ್ರವಾಗಿ ದುಡಿಯುವ ಕಾಂಟ್ರಾಕ್ಟರ್ ಕೈಗೆ ಬರುವ ದುಡ್ಡು ಕಡಿಮೆಯಾಗುತ್ತದೆ, ಆದರೆ ನೌಕರರಿಗೆ ಸಿಗುವ ರಜೆ, ರಕ್ಷಣೆ ಯಾವುದೂ ಸಿಗುವುದಿಲ್ಲ. ಇದು ಅನ್ಯಾಯ. ತೀರ್ಮಾನವನ್ನು ಕಾರಣ ಸಮೇತ ಬರೆದು ಕೊಡಬೇಕು ಎಂದು ಕಾನೂನಿದೆ. ಒಪ್ಪಿಗೆ ಇಲ್ಲ ಎಂದು ಕಾಂಟ್ರಾಕ್ಟರ್ ತಿಳಿಸಿದರೆ 45 ದಿನದೊಳಗೆ ಕ್ಲೈಂಟ್ ಉತ್ತರಿಸಬೇಕು. ಈ ಹಕ್ಕನ್ನು ಸುಮ್ನೆ ಬಿಡಬೇಡಿ.

ನಮ್ಮೂರಿಗೆ ಬರೋಣ. ಔಟರ್ ರಿಂಗ್ ರೋಡ್ ಕಂಪನಿಗಳಲ್ಲಿ ಕನ್ಸಲ್ಟೆಂಟ್ ಅನ್ನಿಸಿಕೊಂಡು ಬೆಳಗ್ಗೆ ಕಾರ್ಡ್ ತೋರಿಸಿ ಒಳಗೆ ಹೋಗುವವರು, ಮ್ಯಾನೇಜರ್ ಹತ್ತಿರ ರಜೆ ಕೇಳುವವರು, ತಿಂಗಳ ಕೊನೆಗೆ ಇನ್ವಾಯ್ಸ್ ಹಾಕಿ ಟಿಡಿಎಸ್ ಕಳೆದು ದುಡ್ಡು ತಗೊಳ್ಳುವವರು ಎಷ್ಟೋ ಜನ ಇದ್ದಾರೆ ಅಲ್ವಾ? ಪಿಎಫ್ ಇಲ್ಲ, ಫಾರಂ 16 ಇಲ್ಲ. ನಮ್ಮ ಆದಾಯ ತೆರಿಗೆ ಇಲಾಖೆಯಿಂದ ಇಂಥ ಟೂಲ್ ಇಲ್ಲ. ವಿವಾದ ಬಂದರೆ ಕೋರ್ಟೇ ಗತಿ. 2015ರಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಒಂದು ಆಸ್ಪತ್ರೆಯ ಕನ್ಸಲ್ಟೆಂಟ್ ಡಾಕ್ಟರುಗಳ ಪ್ರಕರಣ ಬಂದಿತ್ತು. ಅವರದು ಸಂಬಳವಾ, ವೃತ್ತಿಪರ ಶುಲ್ಕವಾ ಎಂಬುದೇ ಪ್ರಶ್ನೆ. ಶುಲ್ಕ ಎಂದಿತು ಕೋರ್ಟ್. ಅಲ್ಲಿ ತೂಗಿದ್ದೂ ಹೆಚ್ಚುಕಡಿಮೆ ಸೆಸ್ಟ್ ಕೇಳುವಂಥ ವಿಷಯಗಳನ್ನೇ. ಈ ಪ್ರಶ್ನೆಗಳನ್ನು ಕನ್ನಡದಲ್ಲಿ, ನಮ್ಮ ಕಾನೂನಿಗೆ ಹೊಂದಿಸಿ, ಇಲಾಖೆಯೇ ಒಂದು ಪುಟದಲ್ಲಿ ಕೊಟ್ಟರೆ ಕಾಂಟ್ರಾಕ್ಟ್ ಸಹಿ ಮಾಡುವ ಹುಡುಗ ಹುಡುಗಿಯರಿಗೆ ಎಷ್ಟು ಅನುಕೂಲ!

ಇನ್ನೊಂದು ಮಾತು. ಬೆಂಗಳೂರಿನಲ್ಲೇ ಕೂತು ಬ್ರಿಟನ್ ಕ್ಲೈಂಟಿಗೆ ಕೆಲಸ ಮಾಡುವ ಕೆಲವರಿಗೂ 'ಸೆಸ್ಟ್ ಮಾಡಿ ಕಳಿಸಿ' ಎಂದು ಮೇಲ್ ಬರುತ್ತದೆ. ನೀವು ಅಲ್ಲಿನ ನಿವಾಸಿ ಅಲ್ಲದೆ, ಕೆಲಸ ಪೂರ್ತಿ ಇಲ್ಲಿಂದಲೇ ನಡೆಯುತ್ತಿದ್ದರೆ ಆ ಸಂಪಾದನೆಗೆ ಸಾಮಾನ್ಯವಾಗಿ ಅಲ್ಲಿ ಆದಾಯ ತೆರಿಗೆ ಬರುವುದಿಲ್ಲ, ನಿಮ್ಮ ಲೆಕ್ಕ ಇಲ್ಲಿನ ರಿಟರ್ನ್‌ನಲ್ಲಿ. ಗಾಬರಿಯಾಗಿ ತುಂಬಿ ಕಳಿಸುವ ಮೊದಲು ಯಾಕೆ ಬೇಕು ಎಂದು ಕೇಳಿ. ನಡುವೆ ಅಲ್ಲಿಗೆ ಹೋಗಿ ಕೆಲಸ ಮಾಡಿದರೆ ವಿಷಯ ಬೇರೆ, ಆಗ ಸಿಎ ಹತ್ತಿರ ಮಾತಾಡಲೇಬೇಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಖಾಸಗಿ ಟೂಲ್‌ಗಳೂ ಇವೆ, ಕೆಲವು ದುಡ್ಡು ತಗೊಂಡು ಇನ್ನೂ ಆಳವಾಗಿ ಕೇಳುತ್ತವೆ, ಆದರೆ ಇಲಾಖೆಯ ಮಾತು ಅವಕ್ಕೆ ಇಲ್ಲ. ನಾನು ಸೆಸ್ಟನ್ನೇ ಮೊದಲು ಮಾಡಿಸುತ್ತೇನೆ. ಪಿಡಿಎಫ್ ಜೊತೆಗೆ ಪ್ರತಿ ಉತ್ತರಕ್ಕೂ ಆಧಾರ ಏನು, ಹೇಳಿದವರು ಯಾರು ಎಂದು ಒಂದು ಟಿಪ್ಪಣಿ ಇಡಿ. ಕಾಂಟ್ರಾಕ್ಟ್ ಮುಂದುವರಿಸುವಾಗ ಅಥವಾ ಕೆಲಸದ ರೀತಿ ಬದಲಾದಾಗ ಹಳೆಯ ಪಿಡಿಎಫ್ ತೋರಿಸಿ ಸಾಗಿಸಬೇಡಿ, ಮೊದಲಿನಿಂದ ಮತ್ತೆ ಮಾಡಿ.