ಬೂಟನ್ನು ಬಚ್ಚಲೊಲೆ ಹತ್ತಿರ ಇಡಬೇಡಿ

ಶಿವಮೊಗ್ಗದಲ್ಲಿ 6,500 ರೂಪಾಯಿ ಕೊಟ್ಟು ತಂದ ಚರ್ಮದ ಬೂಟು. ಮೊದಲ ವಾರ ಹಿಮ್ಮಡಿಯಲ್ಲಿ ಬೊಬ್ಬೆ. ತೋಟಕ್ಕೆ ಹಾಕದೆ, ದಪ್ಪ ಸಾಕ್ಸ್ ಏರಿಸಿ ದಿನಾ ಒಂದು ಗಂಟೆ ಅಂಗಳದಲ್ಲೇ ತಿರುಗಿದೆ. ಹದಿನೈದು ದಿನಕ್ಕೆ ಬೆರಳು ಮಡಚುವಲ್ಲಿ ನೆರಿಗೆ ಬಿದ್ದು ಕಾಲಿಗೆ ಕೂತಿತು.

ಆಷಾಢದಲ್ಲಿ ಕೆಟ್ಟೆ. ನೆನೆದ ಬೂಟನ್ನು ಬಚ್ಚಲೊಲೆ ಪಕ್ಕ ಇಟ್ಟಿದ್ದೆ; ಬೆಳಗಾಗುವಷ್ಟರಲ್ಲಿ ಹಪ್ಪಳದ ಹಾಗೆ ಸೆಟೆದು, ಎಡಗಾಲಿನದು ನೆರಿಗೆಯಲ್ಲೇ ಸೀಳಿತ್ತು. ಈಗ ಹಳೇ ಪೇಪರ್ ತುರುಕಿ, ಅದು ಒದ್ದೆಯಾದಂತೆ ಬದಲಿಸಿ, ಜಗಲಿಯ ಗಾಳಿಗೆ ಇಡ್ತೀನಿ. ಒಣಗಿದ ಮೇಲೆ ಜೇನುಮೇಣದ ಪಾಲಿಶ್, ತೆಳ್ಳಗೆ. ಕೊಬ್ಬರಿ ಎಣ್ಣೆ ಹಚ್ಚೋ ಅಂದ್ರು ಅಪ್ಪಯ್ಯ. ಹಚ್ಚಿದೆ, ಕಂದು ಹೋಗಿ ಕಪ್ಪಾಯ್ತು! ಮಳೆಗಾಲದಲ್ಲಿ ಮೂಲೆಗಿಟ್ಟರೆ ಬೂಷ್ಟು ಹಿಡಿಯುತ್ತೆ, ಒರೆಸ್ತಾ ಇರಬೇಕು. ಉಂಬಳ (ರಕ್ತ ಹೀರೋ ಜಿಗಣೆ) ಮಾತ್ರ ಬೂಟು ಹತ್ತಿ ಒಳಗಿಳಿಯುತ್ತೆ. ಅದಕ್ಕೆ ಸಾಕ್ಸಿಗೆ ಹೊಗೆಸೊಪ್ಪಿನ ನೀರೇ ಗತಿ.