‘ಒಟ್ಟು ಅಯೋಡಿನ್ 5%’ ಎಂಬ ರಿಪೋರ್ಟ್ ನೋಡಿ ದುಡ್ಡು ಕೊಡಬೇಡಿ

ಕಾರ್ಖಾನೆಯ ತ್ಯಾಜ್ಯ ನೀರಿನಿಂದ ಅಯೋಡಿನ್ ತೆಗೆಯುವ ಸಣ್ಣ ಘಟಕದವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಟೋಪಿ ಹಾಕಿದ ದಲ್ಲಾಳಿ ಅಂಥದ್ದೇ ಮಾಲನ್ನು ಈಗ ಬೇರೆಯವರಿಗೆ ತೋರಿಸುತ್ತಿದ್ದಾನೆ ಎಂದು ನಿನ್ನೆ ಗೊತ್ತಾಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, 15 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಆದರೂ ಹೇಳಲೇಬೇಕು.

ಸಿಟಿ ಸ್ಕ್ಯಾನ್‌ಗೆ ಕೊಡುವ ಕಾಂಟ್ರಾಸ್ಟ್ ಔಷಧ ತಯಾರಿಸುವ ಕಡೆಯ ನೀರು. 200 ಲೀಟರಿನ 40 ಡ್ರಮ್. ರಿಪೋರ್ಟ್‌ನಲ್ಲಿ ಒಟ್ಟು ಅಯೋಡಿನ್ 5%, ಅಂದರೆ ಲೆಕ್ಕಕ್ಕೆ 400 ಕೆಜಿ. ಜೊತೆಗೆ ದಲ್ಲಾಳಿ ತಂದ ಸ್ಯಾಂಪಲ್ ಬಾಟಲಿ. ನನ್ನ ಟೇಬಲ್ ಮೇಲೆಯೇ ಅದನ್ನು ಬೀಕರ್‌ಗೆ ಸುರಿದ, ಸ್ವಲ್ಪ ಸಲ್ಫ್ಯೂರಿಕ್ ಆಸಿಡ್ ಬಿಟ್ಟ, ಮೇಲೆ ಹೈಡ್ರೋಜನ್ ಪೆರಾಕ್ಸೈಡ್. ನೋಡನೋಡುತ್ತಲೇ ನೀರು ಕಡುಕಂದಾಗಿ ತಳದಲ್ಲಿ ಕಪ್ಪು ಹರಳು ಕೂತಿತು. ಬಿಸಿ ಮಾಡಿದ, ನೇರಳೆ ಹೊಗೆ ಎದ್ದಿತು. ನಮ್ಮ ಲ್ಯಾಬ್ ಹುಡುಗಿ, “ಸಾರ್, ಡ್ರಮ್‌ನಿಂದ ನಾವೇ ತೆಗೆದು ಒಂದು ಟೈಟ್ರೇಷನ್ ಮಾಡಿ ಅಯೋಡೈಡ್ ಎಷ್ಟಿದೆ ನೋಡೋಣ” ಅಂದಳು. “ರಿಪೋರ್ಟ್ ಇದೆಯಲ್ಲಮ್ಮ” ಎಂದು ಅವಳ ಬಾಯಿ ಮುಚ್ಚಿಸಿದೆ. ಪೂರ್ತಿ ಹಣ ಮುಂಗಡ ಕೊಟ್ಟೆ. ಪೂರ್ತಿ!

ಮೊದಲ ಬ್ಯಾಚ್. ಪಿಎಚ್ 2ಕ್ಕೆ ಇಳಿಸಿ ಪೆರಾಕ್ಸೈಡ್ ಬಿಟ್ಟೆವು. ಕಂದು ಬಣ್ಣ ಬಂತು, ಹರಳು ಚೂರೇ ಚೂರು, ಅಷ್ಟೇ. ಇನ್ನಷ್ಟು ಬಿಟ್ಟೆವು. ಅಷ್ಟೇ ಹರಳು. ಕ್ಲೋರಿನ್ ಹಾಯಿಸಿದೆವು, ಇದ್ದ ಬಣ್ಣವೂ ಹೋಯಿತು. ಕ್ಲೋರಿನ್ ಜಾಸ್ತಿಯಾಗಿ ಬಣ್ಣವಿಲ್ಲದ ಅಯೋಡೇಟ್ ಆಗಿಹೋಯಿತೇನೋ, ತಪ್ಪು ನಮ್ಮದೇ ಅಂದುಕೊಂಡು, ಅದನ್ನು ಮತ್ತೆ ಅಯೋಡಿನ್ ಮಾಡಲು ಬೈಸಲ್ಫೈಟ್ ಹನಿಹನಿಯಾಗಿ ಬಿಟ್ಟು ಕಾದೆವು. ಮತ್ತೆ ಅದೇ ಕಂದು, ಅದೇ ಚೂರು ಹರಳು. ರಾತ್ರಿ 11 ಗಂಟೆಗೆ ಆ ಟ್ಯಾಂಕಿನ ಬಾಯಿಗೆ ಟಾರ್ಚ್ ಹಿಡಿದು ನಿಂತಿದ್ದಾಗ ಹೊಟ್ಟೆಯಲ್ಲಿ ತಣ್ಣಗಾಯಿತು.

ಮರುದಿನ ಡ್ರಮ್ಮುಗಳನ್ನೇ ಪರೀಕ್ಷಿಸಿದೆವು. ಅಯೋಡೈಡ್ ರೂಪದಲ್ಲಿ, ಅಂದರೆ ಪೆರಾಕ್ಸೈಡ್‌ಗೆ ಸುಲಭವಾಗಿ ಹೊರಬರುವ ಉಪ್ಪಿನ ರೂಪದಲ್ಲಿ, ಇದ್ದದ್ದು ಬರೀ 0.2%. ಉಳಿದದ್ದೆಲ್ಲ ಬೆಂಜೀನ್ ಉಂಗುರಕ್ಕೆ ಮೂರು ಮೂರಾಗಿ ಅಂಟಿಕೊಂಡ ಅಯೋಡಿನ್. ರೋಗಿಯ ಮೈಯೊಳಗೆ ಕಳಚಬಾರದೆಂದೇ ಹಾಗೆ ಕಟ್ಟಿರುತ್ತಾರೆ, ಅದು ಪೆರಾಕ್ಸೈಡ್‌ಗೆ ಬಗ್ಗುತ್ತದೆಯೇ? ಕ್ಷಾರ ಮತ್ತು ತಾಮ್ರ ಹಾಕಿ ಗಂಟೆಗಟ್ಟಲೆ ಕುದಿಸಬೇಕು, ಇಲ್ಲವೇ ಸುಟ್ಟು ಹೊಗೆಯನ್ನು ತೊಳೆದು ಹಿಡಿಯಬೇಕು. ನನ್ನಲ್ಲಿ ಎರಡಕ್ಕೂ ವ್ಯವಸ್ಥೆ ಇಲ್ಲ.

ಹಾಗಾದರೆ ಬೀಕರ್‌ನಲ್ಲಿ ಕೂತ ಹರಳು? ಬಾಟಲಿಯಲ್ಲಿ ಉಳಿದಿದ್ದ ಸ್ಯಾಂಪಲ್ಲನ್ನು ಆ ಹುಡುಗಿಯೇ ಸೋಡಿಯಂ, ಪೊಟ್ಯಾಸಿಯಂ ಅಳೆಯುವ ಫ್ಲೇಮ್ ಫೋಟೋಮೀಟರ್‌ಗೆ ಹಾಕಿದಳು. 127 ಗ್ರಾಂ ಅಯೋಡಿನ್‌ಗೆ ಸರಿಯಾಗಿ 39 ಗ್ರಾಂ ಲೆಕ್ಕದಲ್ಲಿ ಪೊಟ್ಯಾಸಿಯಂ, ಶುದ್ಧ ಪೊಟ್ಯಾಸಿಯಂ ಅಯೋಡೈಡ್‌ನಲ್ಲಿ ಇರುವ ಅಳತೆಯೇ. ಡ್ರಮ್ಮಿನಲ್ಲಿ ಇರುವುದೆಲ್ಲ ಸೋಡಿಯಂ. ಅಂಗಡಿಯ ಪೊಟ್ಯಾಸಿಯಂ ಅಯೋಡೈಡ್ ಕರಗಿಸಿ ತಂದು ನನ್ನ ಮುಂದೆ ಆಟ ಕಟ್ಟಿದ್ದ. ನಾನು ಅವನಿಗೆ ಕಾಫಿ ಕೊಟ್ಟು ಕಳಿಸಿದ್ದೆ.

ಫೋನ್ ಮಾಡಿದರೆ, “ಸಾರ್, ರಿಪೋರ್ಟ್ ಸುಳ್ಳಾ? ಅಯೋಡಿನ್ ಇದೆ ತಾನೇ? ತೆಗೆಯೋದು ನಿಮ್ಮ ಕೆಲಸ.” ಸ್ಯಾಂಪಲ್ ಬಗ್ಗೆ ಕೇಳಿದೆ. “ಅದು ಬೇರೆ ಲಾಟ್‌ದು ಇರಬಹುದು.” ಡ್ರಮ್ ವಾಪಸ್ ತಗೋ ಅಂದೆ. “ಒಂದು ಸಲ ಗೇಟ್ ದಾಟಿದ ವೇಸ್ಟ್ ಯಾರು ವಾಪಸ್ ತಗೋತಾರೆ ಸಾರ್?” ಆಮೇಲೆ ಫೋನ್ ಎತ್ತಲಿಲ್ಲ. ದುಡ್ಡು ಕೊಟ್ಟು ವಿಲೇವಾರಿ ಮಾಡಿಸಬೇಕಾಗಿದ್ದ ಕಸವನ್ನು, ನನ್ನಿಂದಲೇ ದುಡ್ಡು ತಗೊಂಡು ನನ್ನ ತಲೆಗೆ ಕಟ್ಟಿದ. ರಿಪೋರ್ಟ್ ಸುಳ್ಳಲ್ಲವಂತೆ!

‘ಒಟ್ಟು ಅಯೋಡಿನ್’ ಬೇರೆ, ‘ಅಯೋಡೈಡ್’ ಬೇರೆ. ಎರಡನ್ನೂ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಡ್ರಮ್ಮುಗಳನ್ನು ನೀವೇ ಆರಿಸಿ, ತಳದವರೆಗೆ ಕೊಳವೆ ಇಳಿಸಿ ಸ್ಯಾಂಪಲ್ ತೆಗೆಯಿರಿ. ಅವರು ತಂದ ಬಾಟಲಿಯನ್ನು ಮುಟ್ಟಲೇಬೇಡಿ. ಹಣ ಕೈಗೆ ಬಂದ ಅಯೋಡಿನ್ ತೂಗಿದ ಮೇಲೆ, ಅದಕ್ಕೆ ಮುಂಚೆ ಬೇಡ. ನನಗೆ ಸಿಕ್ಕಿದ್ದು 4 ಕೆಜಿಯೂ ಇಲ್ಲ. ಬ್ಯಾಚಿಗೆ ಹಾಕದೆ ಉಳಿದ 31 ಡ್ರಮ್ ಇನ್ನೂ ನನ್ನ ಶೆಡ್ಡಿನಲ್ಲೇ ಇವೆ, ದಾಖಲೆಯೂ ನನ್ನ ಹೆಸರಲ್ಲೇ ಇದೆ.